ಮುಳಬಾಗಿಲಿನಲ್ಲಿ ತೆರೆದ ಚಹದ ಪೆಟ್ಟಿಗೆ

ಇಂಥ ಕಥೆ ಹೇಳುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ಈಗ ನಾನೇ ಹೇಳಲು ಕೂತಿದ್ದೇನೆ. ನೀವು ನಕ್ಕರೆ ತಪ್ಪು ತಿಳಿಯುವುದಿಲ್ಲ.

ನಾನು ಕೋಲಾರದಲ್ಲಿ ಮೇಷ್ಟರಾಗಿದ್ದೆ. ಹಳೆಯ ಚಹದ ಪೆಟ್ಟಿಗೆಗಳನ್ನು ಕೂಡಿಡುವುದು ನನ್ನ ಹುಚ್ಚು. ಒಂದು ಕಾಲದಲ್ಲಿ ಇಂಗ್ಲೆಂಡಿನಲ್ಲಿ ಚಹ ಎಷ್ಟು ದುಬಾರಿಯಾಗಿತ್ತೆಂದರೆ, ಅದನ್ನು ಮರದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಬೀಗದಕೈಯನ್ನು ಮನೆಯೊಡತಿಯೇ ಇಟ್ಟುಕೊಳ್ಳುತ್ತಿದ್ದಳಂತೆ. ಒಳಗೆ ಎರಡು ಅರೆ. ಒಂದರಲ್ಲಿ ಹಸಿರು ಚಹ, ಇನ್ನೊಂದರಲ್ಲಿ ಕಪ್ಪು.

ಎರಡನೆಯ ಮಹಾಯುದ್ಧ ಶುರುವಾದ ಮೇಲೆ, ತನ್ನ ದೇಶಕ್ಕೆ ಹೊರಟ ಇಂಗ್ಲಿಷ್ ದೊರೆಯೊಬ್ಬ ಅಂಥದೊಂದನ್ನು ನನಗೆ ಕೊಟ್ಟುಹೋದ. ಬೀಗ ಹಾಕಿತ್ತು, ಬೀಗದಕೈ ಇರಲಿಲ್ಲ. ಮುಳಬಾಗಿಲಿನಲ್ಲಿ ಬೀಗ ರಿಪೇರಿ ಮಾಡುವ ಖಾದರ್ ಸಾಬರ ಬಳಿ ಒಯ್ದೆ. ನಾಲ್ಕು ಭಾನುವಾರ ಬಸ್ಸಿನಲ್ಲಿ ಅಲೆದೆ. ಐದನೆಯ ಭಾನುವಾರ ಮಧ್ಯಾಹ್ನ ಅವರ ಹೊಸ ಬೀಗದಕೈ ತಿರುಗಿತು. ಎರಡೂ ಅರೆ ಖಾಲಿ. ಹಳೆ ಮರದ ಮುಗ್ಗಲು ವಾಸನೆ, ಅಷ್ಟೆ.

ಅಷ್ಟರಲ್ಲಿ ಸಾಬರ ತಾಯಿ ಗೋಡೆ ಹಿಡಿದುಕೊಂಡು ಒಳಗಿನಿಂದ ಬಂದರು. "ಯಾರ್ರೀ ಚಾ ಕಾಯಿಸ್ತಿರೋದು? ಏನ್ ಖುಷ್ಬೂ!"

ಬೀಗದಕೈ ಉಜ್ಜುವ ಅರ ಸಾಬರ ಕೈಯಿಂದ ಕೆಳಗೆ ಬಿತ್ತು. ವಿಷಮಜ್ವರ ಬಂದುಹೋದ ಮೇಲೆ ಹತ್ತು ವರ್ಷದಿಂದ ಆಕೆಗೆ ಯಾವ ವಾಸನೆಯೂ ತಿಳಿಯುತ್ತಿರಲಿಲ್ಲ. ಒಲೆಯ ಮೇಲೆ ಅನ್ನ ಸೀದರೂ ಗೊತ್ತಾಗುತ್ತಿರಲಿಲ್ಲ. ಆಕೆ ಪೆಟ್ಟಿಗೆಯ ಮೇಲೆ ಬಾಗಿ, ಕಣ್ಣು ಮುಚ್ಚಿ ಉಸಿರೆಳೆದುಕೊಂಡರು. ಕೆನ್ನೆಯ ಮೇಲೆ ನೀರಿಳಿಯಿತು. ನಾನೂ ಮೂಸಿದೆ. ಮುಗ್ಗಲು.

ಬೀಗ ಸರಿಯಾಗಿ ಬೀಳುತ್ತದೋ ನೋಡೋಣವೆಂದು ಮೂರ್ಖನಾದ ನಾನು ಮುಚ್ಚಳ ಹಾಕಿ ಬೀಗದಕೈ ತಿರುಗಿಸಿದೆ. ಮತ್ತೆ ತೆರೆಯಲೇ ಇಲ್ಲ. ಸಾಬರು ಎಣ್ಣೆ ಬಿಟ್ಟರು, ಉಜ್ಜಿದರು, ಬೈದರು. "ಈ ಕೈಯಲ್ಲೇ ಮಾಡಿದ್ದು ಸಾರ್, ಈಗ ತಾನೇ ತಿರುಗಿತ್ತಲ್ಲ!"

"ಇನ್ನೊಂದ್ ಸಲ ತೆಗೀರಿ ಮೇಷ್ಟ್ರೇ, ಒಂದೇ ಸಲ" ಎಂದು ಆಕೆ ನನ್ನ ಕೈ ಹಿಡಿದರು.

ಒಡೆಯಲು ನಾನು ಮೂರು ವಾರ ಒಪ್ಪಲಿಲ್ಲ. ನನ್ನಲ್ಲಿದ್ದವುಗಳಲ್ಲೆಲ್ಲ ಚೆಂದದ್ದು ಅದು. ಹೋದಾಗಲೆಲ್ಲ ಆಕೆ ಬಾಗಿಲಲ್ಲೇ ಕಾಯುತ್ತಿದ್ದರು. ಕೊನೆಗೆ ರೇಗಿ "ಒಡೆದುಬಿಡಿ" ಎಂದೆ. ಸಾಬರು ಉಳಿಯಿಟ್ಟು ಮುಚ್ಚಳ ಸೀಳಿದರು. ಆಕೆ ಬಹಳ ಹೊತ್ತು ಮೂಸಿದರು. "ಏನೂ ಇಲ್ಲಪ್ಪ" ಎಂದು ಒಳಗೆ ಹೋದರು.

ಪೆಟ್ಟಿಗೆಯೂ ಹೋಯಿತು, ಆಕೆಗೆ ಸಿಕ್ಕಿದ್ದೂ ಹೋಯಿತು. ಆಮೇಲೆ ಕೇಳಿದಾಗ, ಮುದುಕಿಯ ಭ್ರಮೆ ಎಂದರು ನಮ್ಮೂರಿನ ಡಾಕ್ಟರು. ಇರಬಹುದು. ಆದರೆ ಅದು ಚಹದ ಪೆಟ್ಟಿಗೆ ಎಂದು ನಾನು ಆ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಒಡವೆ ಇಡುವ ಪೆಟ್ಟಿಗೆ ಎಂದೇ ಖಾದರ್ ಸಾಬರು ಕೊನೆಯವರೆಗೂ ತಿಳಿದಿದ್ದರು.