ಮಾವನ ದನಿಯಲ್ಲಿ ಒಂದು ಫೋನು

ಹೋದ ವಾರ ರಾಯಚೂರಿನ ಬಸ್ ನಿಲ್ದಾಣದೆದುರು ಚಹಾ ಕುಡಿಯುತ್ತಿದ್ದಾಗ ಗೆಳೆಯನೊಬ್ಬ, "ಲೇ, ನಿಮ್ಮ ಮಾವನ ದನಿ ತಗೀಲೇ" ಎಂದ. ನಾನು ಎಲ್ಲರ ದನಿ ತೆಗೆಯುತ್ತೇನೆ, ಥೇಟ್ ಅವರಂತೆಯೇ ಮಾತಾಡುತ್ತೇನೆ: ಕಂಡಕ್ಟರನದು, ಮೇಷ್ಟ್ರದು, ಹುಡುಗಿಯರೆದುರು ಗಂಭೀರನಾಗುವ ನನ್ನದು. ಮಾವನದು ಮಾತ್ರ ಈಗ ಗಂಟಲಿಗೆ ಬರುವುದಿಲ್ಲ. ಏಕೆಂದು ಅವನಿಗೆ ಹೇಳಲಿಲ್ಲ, ನಿಮಗೆ ಹೇಳುತ್ತೇನೆ.

ಮಸರಕಲ್ಲಿನ ಮಾವ ದೇವದುರ್ಗದ ರೈಸ್‌ಮಿಲ್ಲೊಂದರಲ್ಲಿ ಭತ್ತ ನೋಡುವವನು. ಕಾಳನ್ನು ಹಲ್ಲಲ್ಲಿ ಕಟ್ಟೆಂದು ಕಡಿದು, ತೇವ ಎಷ್ಟಿದೆ ಎಂದು ಹೇಳುತ್ತಿದ್ದ. ಯಂತ್ರ ಆಮೇಲೆ ಅವನ ಮಾತನ್ನೇ ಒಪ್ಪುತ್ತಿತ್ತು. "ನಾ ಹೇಳಿದ್ಮ್ಯಾಲ ಮುಗೀತು" ಎನ್ನುತ್ತಿದ್ದ, ಮುಗಿಯುತ್ತಲೂ ಇತ್ತು. ಹೀಗಾಗಿ ಊರವರು ಎತ್ತು ಕೊಳ್ಳುವುದಕ್ಕೂ, ಹೆಣ್ಣು ತರುವುದಕ್ಕೂ, ಮಕ್ಕಳ ಜ್ವರಕ್ಕೂ ಅವನನ್ನೇ ಕೇಳತೊಡಗಿದರು. ಭತ್ತದಲ್ಲಿ ತಪ್ಪದವನು ಜ್ವರದಲ್ಲಿ ತಪ್ಪುತ್ತಾನೆಯೇ? ಪಿಯುಸಿಯಲ್ಲಿ ಏನು ಓದಲಿ ಎಂದು ನಾನೂ ಕೇಳಿದ್ದೆ. ಫಲಿತಾಂಶ ಕೇಳಬೇಡಿ.

ಮೂರು ವರ್ಷದ ಹಿಂದೆ, ನಾನು ಮಾವನ ಮನೆಯಲ್ಲಿದ್ದಾಗ ಒಂದು ಬೆಳಿಗ್ಗೆ, ಹಿತ್ತಲಲ್ಲಿ ಕಟ್ಟಿಗೆ ಎತ್ತುವಾಗ ಅತ್ತೆಯ ಕೈಗೆ ಹಾವು ಕಚ್ಚಿತು. ಯಾವ ಹಾವೆಂದು ಯಾರೂ ನೋಡಲಿಲ್ಲ. ಮಾವ ಗಾಯ ನೋಡಿದ, ಬೇವಿನೆಲೆ ತರಿಸಿ ಅವಳ ಬಾಯಿಗಿಟ್ಟ. ವಿಷ ಏರಿದ್ದರೆ ಬೇವು ಕಹಿ ಎನಿಸುವುದಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ.

"ಕಹಿ ಅದಲ್ಲ?" ಎಂದು ಬಾಗಿ ಕೇಳಿದ.

ಅತ್ತೆ ಅವನ ಮುಖ ನೋಡಿದಳು. "ಹೂಂರೀ, ಕಹಿ ಅದ."

"ಮುಗೀತು. ವಿಷ ಇಲ್ಲ."

ನೆರೆದವರು ನಿರಾಳವಾದರು. ನನಗೆ ಮಾತ್ರ ಅತ್ತೆಯ ರೆಪ್ಪೆ ಜೋತಂತೆ ಕಂಡಿತು. "ಮಾವ, ದವಾಖಾನಿಗೆ ಒಯ್ಯೂಣು" ಎಂದೆ.

"ನಿಂದು ಮತ್ತ ನಾಟಕ ಸುರುವಾತೇನು?"

ಪಕ್ಕದ ಮನೆಯವಳು ನಕ್ಕಳು. ಅವಳದೇನು ತಪ್ಪು? ಹಿಂದಿನ ವಾರವಷ್ಟೇ ಚೇಳು ಕಡಿಯಿತೆಂದು ಅವಳೆದುರು ಹೊರಳಾಡಿ ತೋರಿಸಿದ್ದೆ.

ಮಂಚದ ಮೇಲಿದ್ದ ಮಾವನ ಫೋನು ಎತ್ತಿಕೊಂಡು ಹಿತ್ತಲಿಗೆ ಹೋದೆ. ಮಿಲ್ಲಿನ ಟಂಟಂ ಆಟೋ ಓಡಿಸುವ ಖಾಜಾನಿಗೆ ಮಾವನ ದನಿಯಲ್ಲಿ ಹೇಳಿದೆ: "ಖಾಜಾ, ಗಾಡಿ ತಗೊಂಡು ಮನಿಗೆ ಬಾ. ನಿಮ್ಮ ಅಕ್ಕಗ ಹಾವು ಕಡದದ. ದೌಡ ಬಾ." ದನಿ ಅಲುಗಲಿಲ್ಲ. ಆ ದನಿಗೆ ಸಂಶಯವೆಂಬುದೇ ಗೊತ್ತಿರಲಿಲ್ಲ. ನನ್ನೊಳಗೋ ಬರೀ ಅದೇ.

ಖಾಜಾ ಬರುವಷ್ಟರಲ್ಲಿ ಅತ್ತೆಯ ಮಾತು ತೊದಲುತ್ತಿತ್ತು. ಯಾಕೆ ಬಂದೆ ಎಂದು ಮಾವ ಕೇಳಿದ್ದಕ್ಕೆ ಅವನು, "ನೀವೇ ಕರದ್ರಲ್ಲಣ್ಣ" ಎಂದ. ಮಾವ ನನ್ನನ್ನು ನೋಡಿದ. ಅತ್ತೆಯನ್ನು ಎತ್ತಿಕೊಂಡು ಗಾಡಿ ಹತ್ತಿದ.

ದೇವದುರ್ಗದಲ್ಲಿ ಇಂಜೆಕ್ಷನ್ ಕೊಟ್ಟು ರಾಯಚೂರಿಗೆ ಕಳಿಸಿದರು. ಮೂರನೆಯ ದಿನ ಅತ್ತೆ ಕಣ್ಣು ಪೂರ್ತಿ ತೆರೆದಳು. ಆಮೇಲೆ ಊರವರು ಜ್ವರಕ್ಕೆ ನನ್ನನ್ನು ಕೇಳತೊಡಗಿದರು. "ಹುಡುಗ ಕಣ್ಣ್ ನೋಡೇ ಹೇಳ್ತಾನ" ಅಂತೆ. ಆ ರೆಪ್ಪೆ ಬರೀ ಹೆದರಿಕೆಗೆ ಜೋತಿದ್ದರೆ, ಇದೇ ಜನ ನನಗೆ ಚಪ್ಪಲಿ ಹುಡುಕುತ್ತಿದ್ದರು.

ಹೋದ ವರ್ಷ ಮಾನ್ವಿಯ ಮದುವೆಯೊಂದರಲ್ಲಿ ಅತ್ತೆ ನನ್ನ ಪಕ್ಕ ಕೂತು ಮೆಲ್ಲಗೆ ಹೇಳಿದಳು: "ಅವತ್ತ ಬೇವು ಸಪ್ಪಗಿತ್ತಪ. ನಿಮ್ಮ ಮಾವ ಹಂಗ ಕೇಳಿದ್ರ, ಇಲ್ಲ ಅಂತ ಹೆಂಗ ಅನ್ಲಿ?"

ಗೆಳೆಯನಿಗೆ ಕಂಡಕ್ಟರನ ದನಿ ತೆಗೆದು ತೋರಿಸಿ, ಚಹಾ ಮುಗಿಸಿ ಮನೆಗೆ ಬಂದೆ. ಅವ್ವ ಗೋಡೆ ಹಿಡಿದು ನಿಂತಿದ್ದಳು. "ಏನೂ ಆಗಿಲ್ಲಲ್ಲ?" ಎಂಬುದು ಬಾಯಿಗೆ ಬಂದಿತ್ತು. ನುಂಗಿಕೊಂಡು, ಅವಳನ್ನು ಕೂರಿಸಿ, "ಯವ್ವಾ, ಹೆಂಗ ಆಗಾಕತ್ತದ?" ಎಂದೆ.

ಅವಳು ನನ್ನ ಮುಖ ನೋಡಿದಳು. ನಾನು ಕಾದೆ.

"ಎರಡು ದಿನ ಆತು" ಎಂದಳು, "ಕಣ್ಣಿಗೆ ಕತ್ತಲಿ ಬರಾಕತ್ತದ."