ಹಳೆಯ ಕಂಪ್ಯೂಟರಿಗೆ ಬಾಯಿ ಬರಿಸುವ ವಸಂತಾಮಣಿ

ಕೂನೂರಿನ ಬಳಿಯ ಬಡಗರ ಊರು ಹುಬ್ಬತಲೈ ಹಟ್ಟಿಯ ಮೇಲೆ ಕವಿದ ಮಂಜು ಇನ್ನೂ ಕದಲಿಲ್ಲ. ಚಹಾ ಗಿಡಗಳ ನಡುವಿನ ಕಾಲುದಾರಿಯೂ ಸರಿಯಾಗಿ ಕಾಣದ ಹೊತ್ತು. ಹಿಂದೆ ಎಲೆ ತೂಗುತ್ತಿದ್ದ ಶೆಡ್ಡಿನ ಬಾಗಿಲು ತೆರೆದು ಒಳಗೆ ಬರುವ ವಸಂತಾಮಣಿ ದೀಪ ಹಾಕುವುದಿಲ್ಲ. ಗೋಡೆಯುದ್ದಕ್ಕೂ ಕಂಬಳಿ ಹೊದ್ದು ಕುಳಿತಿರುವ ಕಂಪ್ಯೂಟರುಗಳ ಬಳಿಗೆ ಹೋಗಿ, ಒಂದೊಂದರ ಮೇಲೂ ಅಂಗೈ ಇಟ್ಟು ನೋಡುತ್ತಾರೆ. ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ.

ಪ್ರತಿ ಪೆಟ್ಟಿಗೆಯೊಳಗೂ ರಾತ್ರಿಯಿಡೀ ಒಂದು ಜೀರೋ ಬಲ್ಬು ಉರಿದಿರುತ್ತದೆ. ಬೆಳಕಿಗಲ್ಲ, ಶಾಖಕ್ಕೆ.

"ಮಳೆ ಹಿಡೀತು ಅಂದ್ರೆ ಈ ಬೆಟ್ಟದ ತಂಡಿ ಮನುಷ್ಯರ ಮೂಳೆಗೇ ಇಳೀತದೆ. ಇವೆಲ್ಲಾ ಮುದಿ ಯಂತ್ರ, ಬಿಡಿ. ಬೆಚ್ಚಗೆ ಮಲಗಿಸಿದ್ರೆ ಬೆಳಿಗ್ಗೆ ಎದ್ದೇಳ್ತವೆ. ಇಲ್ಲಾಂದ್ರೆ ಮುನಿಸ್ಕೊಂಡು ಕೂತುಬಿಡ್ತವೆ" ಎಂದು ಅವರು ನಗುತ್ತಾರೆ.

ಒಂದು ಯಂತ್ರದ ಗುಂಡಿ ಒತ್ತುತ್ತಾರೆ. ಅದು ಉದ್ದುದ್ದ ಸ್ವರದಲ್ಲಿ ಕೂಗಿಕೊಳ್ಳುತ್ತದೆ. ತಕ್ಷಣ ತಂತಿ ಕಿತ್ತು, ಮುಚ್ಚಳ ಸರಿಸಿ, ಒಳಗಿನ ಮೆಮೊರಿ ಕಾರ್ಡನ್ನು ಹೊರಗೆಳೆದು, ಅದರ ಅಂಚನ್ನು ಶಾಲೆಯ ಮಕ್ಕಳ ರಬ್ಬರಿನಿಂದ ತಿಕ್ಕಿ, ಮತ್ತೆ ಕೂರಿಸುತ್ತಾರೆ. ಈಗ ಒಂದೇ ಒಂದು ಪುಟ್ಟ ಕೂಗು. "ಹಾಂ, ಸಮಾಧಾನ ಆಯ್ತು ಇದಕ್ಕೆ." ಹುಟ್ಟಿದಂದಿನಿಂದ ಇದೇ ಕೆಲಸ ಮಾಡಿಕೊಂಡು ಬಂದವರಂತೆ ಓಡಾಡುವ ಈ ಬೆರಳುಗಳ ಹಿಂದೆ ಕಣ್ಣಿಲ್ಲ ಎಂಬುದನ್ನು ನೋಡುತ್ತ ನಿಂತವರು ಮರೆತೇಬಿಡುತ್ತಾರೆ.

ಕಣ್ಣು ಇತ್ತು. ಹತ್ತನೆಯ ತರಗತಿ ಮುಗಿಸಿ, ಮನೆಯ ಚಹಾ ತೋಟದಲ್ಲಿ ಎಲೆ ಕೀಳುತ್ತಿದ್ದ ಹುಡುಗಿಗೆ ಒಂದು ಚಳಿಗಾಲ ಮಿದುಳು ಜ್ವರ ಬಂತು. ಕೂನೂರಿನ ಆಸ್ಪತ್ರೆಯಿಂದ ಜೀವ ಉಳಿಸಿಕೊಂಡು ಬಂದಳು, ದೃಷ್ಟಿ ಅಲ್ಲೇ ಉಳಿಯಿತು. ಆಮೇಲಿನ ಕೆಲವು ವರ್ಷ ಅಡುಗೆಮನೆಯ ಒಲೆಯ ಪಕ್ಕದಲ್ಲೇ ಕಳೆದವು. ಒಂದು ದಿನ ಅವ್ವೆ ಚಿನ್ನಮ್ಮಾಳ್ ಮಗಳ ಕೈ ಹಿಡಿದು ತೋಟಕ್ಕೆ ಕರೆದೊಯ್ದು ಗಿಡದ ಮುಂದೆ ನಿಲ್ಲಿಸಿದರು. ಎಳೆಯ ಎಲೆ ಯಾವುದು, ಬಲಿತದ್ದು ಯಾವುದು ಎಂಬುದು ಬೆರಳಿಗೆ ಇನ್ನೂ ನೆನಪಿತ್ತು. "ಅವತ್ತು ಸಂಜೆ ಬುಟ್ಟಿ ತುಂಬಿತ್ತು. ಅವ್ವೆ ಬುಟ್ಟೀನ ತಾನೇ ಹೊತ್ಕೊಂಡು, ಎಲ್ಲರಿಗೂ ಕಾಣೋ ಹಂಗೆ ಹಟ್ಟಿ ನಡುವೆ ನಡೆದ್ಲು" ಎನ್ನುತ್ತಾರೆ ವಸಂತಾಮಣಿ.

ತೊಂಬತ್ತರ ದಶಕದ ಕೊನೆಯಲ್ಲಿ, ಕೊಯಮತ್ತೂರಿನಲ್ಲಿ ಕುರುಡರಿಗೆ ಕಂಪ್ಯೂಟರ್ ಕಲಿಸುವ ತರಬೇತಿಯ ಸುದ್ದಿ ರೇಡಿಯೊದಲ್ಲಿ ಬಂತು. ಹೋದರು. ಅಲ್ಲಿ ಮೊದಲ ಸಲ ಸ್ಕ್ರೀನ್ ರೀಡರಿನ ದನಿ ಕೇಳಿದರು. ಪರದೆಯ ಮೇಲೆ ಮೂಡಿದ್ದನ್ನೆಲ್ಲ ಗಟ್ಟಿಯಾಗಿ ಓದಿ ಹೇಳುವ ಸಾಫ್ಟ್‌ವೇರ್ ಅದು. ಒತ್ತಿದ ಅಕ್ಷರವನ್ನೂ ಹೇಳುತ್ತದೆ, ಬರೆದ ಸಾಲನ್ನೂ ಓದುತ್ತದೆ. "ಮೂಗಿನಲ್ಲಿ ಮಾತಾಡೋ ಯಾರೋ ಬಿಳಿ ದೊರೆ ಇಂಗ್ಲಿಷ್ ಓದ್ತಾ ಇದ್ದ ಹಂಗಿತ್ತು. ಮೊದಲನೇ ದಿನ ಒಂದು ಮಾತೂ ಅರ್ಥ ಆಗಲಿಲ್ಲ. ಆದ್ರೂ ಎದ್ದು ಬರೋಕೆ ಮನಸ್ಸಾಗಲಿಲ್ಲ. ಇಷ್ಟು ವರ್ಷ ಆದ್ಮೇಲೆ ನನಗೆ ಅಂತ ಒಬ್ರು ಓದ್ತಾ ಇದ್ರಲ್ಲ!"

ಕಲಿತು ಊರಿಗೆ ಬಂದರೆ ಕಂಪ್ಯೂಟರೇ ಇಲ್ಲ. ಹತ್ತಿರದ ಟೀ ಫ್ಯಾಕ್ಟರಿಯೊಂದು ಹೊಸ ಯಂತ್ರ ತರಿಸಿ ಹಳೆಯದನ್ನು ಗುಜರಿಗೆ ಹಾಕುತ್ತಿದೆ ಎಂದು ಕೇಳಿ, ಹೋಗಿ ಬೇಡಿದರು. ಎಲೆ ಚೀಲದಲ್ಲಿ ಕಟ್ಟಿ ಮನೆಗೆ ತಂದ ಆ ಮೂಕ ಪೆಟ್ಟಿಗೆಯನ್ನು ಬಿಚ್ಚಿ, ಮುಟ್ಟಿ, ಮತ್ತೆ ಜೋಡಿಸಿ, ಕೆಡಿಸಿ, ಸರಿಮಾಡಿ ಒಳಗಿನ ಒಂದೊಂದು ಭಾಗದ ಗುರುತು ಹಿಡಿದರು.

ಇಲ್ಲೇ ನಂಬಲಾಗದ ಸಂಗತಿ ಇರುವುದು. ಖಾಲಿ ಯಂತ್ರಕ್ಕೆ ಮೊದಲು ವಿಂಡೋಸ್ ಹಾಕಬೇಕು, ಆಮೇಲೆ ಸ್ಕ್ರೀನ್ ರೀಡರ್. ಅಲ್ಲಿಯವರೆಗೆ ಅದು ತುಟಿ ಬಿಚ್ಚುವುದಿಲ್ಲ. ಪರದೆಯ ಮೇಲೆ ಬರುವ ಪ್ರಶ್ನೆಗಳಿಗೆಲ್ಲ ನೋಡದೆ, ಕೇಳದೆ ಉತ್ತರ ಕೊಡಬೇಕು. ವಸಂತಾಮಣಿ ಪೆಟ್ಟಿಗೆಗೆ ಕಿವಿ ಹಚ್ಚಿ ಕೂರುತ್ತಾರೆ. ಹಾರ್ಡ್ ಡಿಸ್ಕ್ ಕರಕರ ಎನ್ನುತ್ತಿದ್ದರೆ ಅದು ಕೆಲಸದಲ್ಲಿದೆ. ಸದ್ದು ನಿಂತರೆ ಏನನ್ನೋ ಕೇಳುತ್ತಿದೆ. ಯಾವ ಮೌನಕ್ಕೆ ಯಾವ ಕೀಲಿ ಒತ್ತಬೇಕು ಎಂಬುದು ಅವರಿಗೆ ಬಾಯಿಪಾಠ. ಹೀಗೆ ತಾಸುಗಟ್ಟಲೆ ಕೂತ ಮೇಲೆ, ಇದ್ದಕ್ಕಿದ್ದಂತೆ ಸ್ಪೀಕರ್ ಕೆಮ್ಮಿ ಮಾತು ಶುರುಮಾಡುತ್ತದೆ. ಆ ಗಳಿಗೆಯಲ್ಲಿ ಅವರ ಮುಖ ನೋಡಬೇಕು.

ಹೀಗೆ ಬಾಯಿ ಬಂದ ಯಂತ್ರಗಳು ಇಂದು ಕೀಳ್ ಕೋತಗಿರಿಯಿಂದ ಮಸಿನಗುಡಿಯವರೆಗೆ ಕಣ್ಣು ಕಾಣದ ಹಲವರ ಬಳಿ ಇವೆ. ಅವುಗಳಲ್ಲಿ ಚೇರಂಬಾಡಿಯ ಒಂದು ಎಸ್ಟೇಟಿನ ಕಚೇರಿಯದ್ದನ್ನು ವಸಂತಾಮಣಿ ಮರೆಯುವಂತಿಲ್ಲ.

ಅಲ್ಲಿ ಟೈಪಿಸ್ಟ್ ಆಗಿದ್ದವರು ಪುಷ್ಪಾ. ಮೈಸೂರು ಕಡೆಯಿಂದ ಬಂದು ನೆಲೆಸಿದ ಕುಟುಂಬದ ಹೆಣ್ಣುಮಗಳು. ಗಂಡ ತೀರಿಕೊಂಡಿದ್ದ, ಎಸ್ಟೇಟ್ ಕೊಟ್ಟ ಮನೆಯಲ್ಲಿ ಇಬ್ಬರು ಮಕ್ಕಳೊಡನೆ ವಾಸ. ಕಣ್ಣು ಮಸುಕಾಗುತ್ತ ಬಂದದ್ದನ್ನು ಅವರು ಮುಚ್ಚಿಟ್ಟರು. ಪತ್ರಗಳಲ್ಲಿ ತಪ್ಪು ಹೆಚ್ಚಿತು. ಕೊನೆಗೆ ಮ್ಯಾನೇಜರ್ ನಿರಂಜನ್ ಕರೆದು, ತಿಂಗಳ ಕೊನೆಗೆ ಕೆಲಸ ಬಿಡಬೇಕಾಗುತ್ತದೆ ಎಂದರು. ಕೆಲಸ ಹೋದರೆ ಮನೆಯೂ ಹೋಗುತ್ತಿತ್ತು.

ಸುದ್ದಿ ತಲುಪಿದ ಮರುದಿನವೇ ವಸಂತಾಮಣಿ ಬಿಳಿ ಕೋಲು ಹಿಡಿದು, ಕಂಪ್ಯೂಟರಿಗೆ ದನಿ ಕೊಡುವ ಸೌಂಡ್ ಕಾರ್ಡನ್ನು ಉಣ್ಣೆಯ ಶಾಲಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು, ಊಟಿ, ಗೂಡಲೂರು ದಾಟಿ ಬಸ್ಸಿನಲ್ಲಿ ಹೋದರು. "ಒಂದು ದಿನ ಕೊಡಿ ಸಾರ್" ಎಂದು ಕೇಳಿದರು. ನಿರಂಜನ್‌ಗೆ ನಂಬಿಕೆಯಿರಲಿಲ್ಲ. ಆದರೂ ಅವರನ್ನು ಯಂತ್ರದ ಬಳಿಗೆ ಕರೆದೊಯ್ದರು.

ಕಚೇರಿಯ ಹಳೆಯ ಯಂತ್ರ ಬಿಚ್ಚಿ ಕಾರ್ಡು ಕೂರಿಸಿ, ಸಾಫ್ಟ್‌ವೇರ್ ಹಾಕಿದ್ದಾಯಿತು. ಸ್ಪೀಕರಿನಿಂದ ದನಿಯೂ ಬಂತು. ಆದರೆ ವೆಲ್‌ಕಮ್ ಎಂಬ ಪದದ ಮೊದಲ ತುಣುಕಿನಲ್ಲೇ ಸಿಕ್ಕಿಕೊಂಡು, "ವೆಲ್, ವೆಲ್, ವೆಲ್" ಎಂದು ತೊದಲತೊಡಗಿತು. ಮತ್ತೆ ಶುರುಮಾಡಿದರೂ ಅದೇ. ಪುಷ್ಪಾ ಬಾಗಿಲ ಬಳಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದರು. "ಸಾಕಕ್ಕಾ, ನನ್ನ ಹಣೇಲಿ ಬರೆದಿಲ್ಲ. ಎದ್ದುಬಿಡಿ" ಎಂದರು.

"ಸುಮ್ನಿರು ತಂಗಿ. ಇದು ಸತ್ತಿಲ್ಲ, ತೊದಲ್ತಾ ಇದೆ. ಸತ್ತಿದ್ರೆ ಮಾತೇ ಬರ್ತಿರಲಿಲ್ಲ."

ಪ್ರಿಂಟರೂ ಸೌಂಡ್ ಕಾರ್ಡೂ ಒಂದೇ ದಾರಿಗಾಗಿ ಜಗಳಕ್ಕೆ ಬಿದ್ದಾಗ ದನಿ ಹೀಗೆ ಸಿಕ್ಕಿಕೊಳ್ಳುವುದುಂಟು. ವಸಂತಾಮಣಿ ಕಾರ್ಡನ್ನು ಹೊರತೆಗೆದು, ಅದರ ಮೇಲಿನ ಸೂಜಿಮೊನೆಯಂಥ ಕಡ್ಡಿಗಳ ಸಾಲನ್ನು ಉಗುರಿನಿಂದ ಎಣಿಸಿ, ಅಕ್ಕಿಕಾಳಿನಷ್ಟು ಚಿಕ್ಕ ಟೋಪಿಯೊಂದನ್ನು ಕಿತ್ತು ಪಕ್ಕದ ಕಡ್ಡಿಗಳಿಗೆ ತೊಡಿಸಿ, ಕಾರ್ಡಿಗೆ ಬೇರೆ ದಾರಿ ಕೊಟ್ಟರು. ಕೈ ಜಾರಿ ಅದು ನೆಲಕ್ಕೆ ಬಿದ್ದಿದ್ದರೆ ಅಂದಿನ ಕೆಲಸ ಅಲ್ಲಿಗೇ ಮುಗಿಯುತ್ತಿತ್ತು. ಬೀಳಲಿಲ್ಲ. ಯಂತ್ರ ಮತ್ತೆ ಎದ್ದಾಗ ದನಿ ತಡವರಿಸದೆ ಇಡೀ ಸಾಲನ್ನು ಓದಿತು.

ಪುಷ್ಪಾರನ್ನು ಕುರ್ಚಿಯಲ್ಲಿ ಕೂರಿಸಿದರು. "ಬೆರಳಿಗೆ ಅಕ್ಷರ ಎಲ್ಲಿವೆ ಅಂತ ಗೊತ್ತಲ್ವಾ? ಅಷ್ಟು ಸಾಕು. ಓದೋದನ್ನ ಇದಕ್ಕೆ ಬಿಡು."

ನಿರಂಜನ್ ಒಂದು ಪತ್ರ ಹೇಳಿ ಬರೆಸಿದರು. ಪುಷ್ಪಾ ಬರೆಯತೊಡಗಿದರು. ಅಕ್ಷರಕ್ಕೊಂದು ದನಿ. ನಡುವೆ ಒಂದು ಪದ ಕಿವಿಗೆ ಸೊಟ್ಟಗೆ ಕೇಳಿಸಿತು. ಅವರೇ ನಿಲ್ಲಿಸಿ, ಹಿಂದಕ್ಕೆ ಹೋಗಿ, ಅಳಿಸಿ, ತಿದ್ದಿ ಮುಂದುವರಿದರು. ಯಾರೂ ಹೇಳಿಕೊಟ್ಟಿರಲಿಲ್ಲ. ಪತ್ರ ಅಚ್ಚಾಗಿ ಹೊರಬಂತು. ನಿರಂಜನ್ ಅದನ್ನು ಓದಿ, ಇನ್ನೊಮ್ಮೆ ಓದಿ, ಕೆಳಗೆ ಸಹಿ ಹಾಕಿದರು. "ನಾಳೆ ಎಂದಿನ ಹೊತ್ತಿಗೆ ಬನ್ನಿ ಪುಷ್ಪಮ್ಮ" ಎಂದಷ್ಟೇ ಹೇಳಿ ಹೊರಗೆ ಹೋದರು.

ಅದಾಗಿ ಮೂರು ವರ್ಷ ಕಳೆದಿದೆ. ಈಗ ಪುಷ್ಪಾರಿಗೆ ಬೆಳಕಷ್ಟೇ ತಿಳಿಯುತ್ತದೆ. ಕಚೇರಿಯ ಪತ್ರಗಳನ್ನು ಇಂದಿಗೂ ಅವರೇ ಬರೆಯುತ್ತಾರೆ. ಫೋನಿನಲ್ಲಿ ಮಾತಿಗೆ ಸಿಕ್ಕ ಅವರು, "ನನ್ನ ಮಕ್ಕಳು ಅದೇ ಮನೇಲಿ ಓದಿ ದೊಡ್ಡೋರಾಗ್ತಾ ಇದಾರೆ. ಇನ್ನೇನು ಹೇಳಲಿ ಆ ಅಕ್ಕನ ಬಗ್ಗೆ" ಎನ್ನುತ್ತಾರೆ.

ಹುಬ್ಬತಲೈಯಲ್ಲಿ ಈಗ ಬಿಸಿಲು ಬಿದ್ದಿದೆ. ಚಿನ್ನಮ್ಮಾಳ್ ಕಾಫಿ ತಂದಿಟ್ಟು, ಮಗಳ ಪಕ್ಕದಲ್ಲಿ ನಿಂತು, ಗುಣುಗುಟ್ಟುವ ಪೆಟ್ಟಿಗೆಯ ಇಂಗ್ಲಿಷನ್ನು ಸ್ವಲ್ಪ ಹೊತ್ತು ಆಲಿಸಿ, ತಲೆಯಾಡಿಸಿ ತೋಟಕ್ಕೆ ಹೋಗುತ್ತಾರೆ. ಮುಂದೇನಾಸೆ ಎಂದು ಕೇಳಿದರೆ ವಸಂತಾಮಣಿ ತಡಮಾಡದೆ ಹೇಳುತ್ತಾರೆ:

"ಇದು ನಮ್ಮ ಬಡಗ ಭಾಷೆ ಮಾತಾಡೋದು ಕಲೀಬೇಕು. ಅವ್ವೆಗೆ ಇಂಗ್ಲಿಷ್ ಬರೋದಿಲ್ಲ. ನಾನು ದಿನಾ ಇಲ್ಲಿ ಕೂತು ಏನು ಮಾಡ್ತೀನಿ ಅನ್ನೋದು ಅವಳಿಗಿನ್ನೂ ಗೊತ್ತಿಲ್ಲ. ಒಂದು ದಿನ ನಾನು ಬರೆದಿದ್ದನ್ನ ಇದು ಅವಳಿಗೆ ಓದಿ ಹೇಳಬೇಕು."