ಇಪ್ಪತ್ತೊಂದನೆಯ ದಿನಕ್ಕೆ ಕಾದ ತಪ್ಪು

ಮಾರ್ಚ್ ಒಂಬತ್ತು, ಭಾನುವಾರ, ಬೆಳಿಗ್ಗೆ ಏಳೂವರೆ. ನಮ್ಮ ಹೆಣ್ಣು ಫೆರೆಟ್ಟಿನ ಬಾಲದ ಕೆಳಗೆ ಊತ ಕಂಡದ್ದು ಆಗ. ಮುಂಗುಸಿಯಂತೆ ಉದ್ದ ಮೈಯ ಈ ಪುಟ್ಟ ಪ್ರಾಣಿಯನ್ನು ಡಿಸೆಂಬರಿನಲ್ಲಿ ಸೊರಬದ ಒಬ್ಬ ಸಾಕುಪ್ರಾಣಿ ಮಾರುವವನಿಂದ ಶಿಕಾರಿಪುರಕ್ಕೆ ತಂದಿದ್ದೆ. ಅವನಲ್ಲಿ ಒಂದೇ ಸೂಲಿನ ಎರಡು ಹೆಣ್ಣುಗಳಿದ್ದವು. ಇನ್ನೊಂದನ್ನು ಜಡೆ ಊರಿನ ಕಡೆಯವರು ಯಾರೋ ಒಯ್ದರು.

"ಬೆದಿಗೆ ಬಂದೈತಿ, ಇನ್ನೇನು," ಎಂದಳು ಅವ್ವ. "ನಿನ್ನ ಮುಂಗುಸಿಗೂ ಇಂಜೆಕ್ಷನ್ ಡಾಕ್ಟರನ್ನ ಕರಸ್ಲೇನು?"

ಆಕಳಿಗೆ ಗಬ್ಬ ಕಟ್ಟಿಸಲು ಬರುವ ಡಾಕ್ಟರನ್ನು ನೆನೆದು ಇಬ್ಬರೂ ನಕ್ಕೆವು. ಮನೆಯ ಮೂರು ಆಕಳುಗಳ ಬೆದೆಯ ದಿನಗಳನ್ನು ಬರೆದಿಡುವವನು ನಾನೇ. ಆಕಳಿನ ಬೆದೆ ಒಂದು ದಿನದಲ್ಲಿ ಇಳಿಯುತ್ತದೆ. ಗಬ್ಬ ಕಟ್ಟದಿದ್ದರೆ ಇಪ್ಪತ್ತೊಂದು ದಿನಕ್ಕೆ ಮತ್ತೆ ಬರುತ್ತದೆ. ಅದೇ ಪುಸ್ತಕದಲ್ಲಿ ಫೆರೆಟ್ಟಿಗೂ ಒಂದು ಪುಟ ಮಾಡಿ, ಮಾರ್ಚ್ ಮೂವತ್ತಕ್ಕೆ ಸುತ್ತು ಹಾಕಿದೆ.

ಊತ ಇಳಿಯಲಿಲ್ಲ. ದಿನಕ್ಕೊಂದು ಗೀಟು ಎಳೆದೆ. ಹದಿನಾಲ್ಕನೆಯ ಗೀಟಿಗೆ ಮಾರಿದವನಿಗೆ ಫೋನ್ ಮಾಡಿದೆ.

"ಏನೂ ಆಗಲ್ಲ ಮಾರಾಯ್ರೇ, ತಂತಾನೇ ಹೋಗ್ತದೆ," ಎಂದ.

ಸುತ್ತು ಹಾಕಿದ ದಿನಕ್ಕೆ ಕಾದೆ; ಅದು ಬಂದು ಹೋದರೂ ಊತ ಹಾಗೇ ಇತ್ತು. ಮೂವತ್ತನೆಯ ಗೀಟಿಗೆ ಬಾಲದ ಕೂದಲು ಉದುರಿತ್ತು. ಮೂವತ್ತೆಂಟಕ್ಕೆ ಅದು ಹಿಂಗಾಲು ಎಳೆಯತೊಡಗಿತು. ವಸಡು ಸುಣ್ಣದಂತೆ ಬಿಳಿಚಿತ್ತು. ಅಂದೇ ಶಿವಮೊಗ್ಗಕ್ಕೆ ಒಯ್ದೆ. ಪಶುವೈದ್ಯೆ ಹೊಟ್ಟೆಯ ಮೇಲಿನ ಕೆಂಪು ಚುಕ್ಕೆಗಳನ್ನು ತೋರಿಸಿದರು.

"ಇದು ಆಕಳಲ್ಲಪ್ಪ. ಗಂಡು ಕೂಡದೆ ಇದರ ಬೆದೆ ಇಳಿಯೋದಿಲ್ಲ. ಬೆದೆಯ ಹಾರ್ಮೋನು ಮೈಯಲ್ಲೇ ಉಳಿದು, ಮೂಳೆಯೊಳಗೆ ರಕ್ತ ಮಾಡೋ ಮಜ್ಜೆಯನ್ನೇ ಕೆಡಿಸ್ತದೆ. ಎರಡು ವಾರದ ಹೊತ್ತಿಗೆ ತಂದಿದ್ರೆ ಬೆದೆ ಇಳಿಸೋ ಇಂಜೆಕ್ಷನ್ ಇತ್ತು. ಈಗ ತಡವಾಯ್ತು."

ಅವ್ವ ತಮಾಷೆಗೆ ಹೇಳಿದ್ದನ್ನೇ ನಾವು ಮಾಡಬೇಕಿತ್ತು.

ನಲವತ್ತೊಂದನೆಯ ಗೀಟು ಎಳೆಯಲಿಲ್ಲ. ಹಿತ್ತಲಲ್ಲಿ ಅದನ್ನು ಹೂತು, ಸೊರಬದ ಬಸ್ ಹತ್ತಿದೆ.

"ನನಗೇನ್ ಗೊತ್ರೀ? ತಂದಿದ್ದನ್ನ ಮಾರ್ತೀನಿ," ಎಂದ ಅವನು. "ಬೇಕಾದ್ರೆ ಇನ್ನೊಂದು ತರಿಸಿಕೊಡ್ಲಾ?"

ಗೊಬ್ಬರದ ಚೀಲದ ಮೇಲೂ ಬಳಸುವ ಬಗೆ ಬರೆದಿರುತ್ತದೆ. ಜೀವವೊಂದನ್ನು ಕೈಗಿಡುವಾಗ ಎರಡು ಮಾತು ಹೇಳಲು ಇವನಿಗೆ ಬಾಯಿಲ್ಲವೇ? ಸಿಟ್ಟು ನನ್ನ ಮೇಲೂ ಇದೆ. ನಲವತ್ತು ಗೀಟು ತಪ್ಪದೆ ಎಳೆದವನು, ಮೂವತ್ತೇಳು ದಿನ ಡಾಕ್ಟರ ಬಾಗಿಲು ತಟ್ಟಲಿಲ್ಲ.

ಇನ್ನೊಂದನ್ನು ಒಯ್ದವರು ಯಾರೆಂದು ಕೇಳಿದೆ. "ಜಡೆ ಬಸ್ ಹತ್ತಿದ್ರು, ಅಷ್ಟೇ ನೆನಪು," ಎಂದ.

ಅದಕ್ಕೂ ಇದೇ ಕಾಲಕ್ಕೆ ಬೆದೆ ಬಂದಿರಬೇಕು. ಆ ಮನೆಯವರು ಇದನ್ನು ಓದಿದರೆ, ಕಾಯದೆ ಇಂದೇ ಡಾಕ್ಟರ ಬಳಿಗೆ ಒಯ್ಯಿರಿ. ಆ ಮನೆ ಯಾವುದೆಂದು ಬಲ್ಲವರು, ಈ ಕಾಯಿಲೆಯಿಂದ ಫೆರೆಟ್ಟನ್ನು ಉಳಿಸಿಕೊಂಡವರು, ದಯವಿಟ್ಟು ನನಗೆ ಬರೆಯಿರಿ.